ಚಿಕ್ಕಮ್ಮನ ಏಳನೇ ತಿರುವು

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಯಾವ ತಿರುವಿನಲ್ಲಿ ಯಾರ ಹೊಟ್ಟೆ ಕೈಕೊಡುತ್ತದೆ ಎಂಬುದು ತೀರ್ಥಹಳ್ಳಿಯ ನಮ್ಮ ಓಣಿಯಲ್ಲಿ ಗುಟ್ಟೇನಲ್ಲ. ಮೇಲಿನಿಂದ ಇಳಿಯುತ್ತ ಎಣಿಸಿದರೆ ಮೂರನೆಯದು ಮೂಲೆಮನೆ ಹುಡುಗನದು. ಐದನೆಯದು ಅವನ ಅಮ್ಮನದು. ಮಗನನ್ನು ನೋಡಿ ನೋಡಿಯೇ ಅವಳಿಗೆ ಶುರುವಾಗುವುದು. ಏಳನೆಯದು ಆಚೆಮನೆ ಚಿಕ್ಕಮ್ಮನದು. ಈ ವಿಷಯದಲ್ಲಿ ಚಿಕ್ಕಮ್ಮ ಬಹಳ ನಿಯತ್ತಿನವರು. ಮಗಳನ್ನು ಉಡುಪಿಗೆ ಕೊಟ್ಟ ಮೇಲೆ ಘಾಟಿ ಇಳಿಯುವುದೂ ತಪ್ಪಿಲ್ಲ, ಏಳನೇ ತಿರುವೂ ತಪ್ಪಿಲ್ಲ. ಸಂಬಂಧದ ಮಾತುಕತೆಗೆಂದು ಮೊದಲ ಸಲ ಹೋದಾಗ ಬೀಗರ ಅಂಗಳದಲ್ಲಿ ಇಳಿದವರ ಮುಖ ಎಷ್ಟು ಸೊಟ್ಟಗಿತ್ತೆಂದರೆ, ಹುಡುಗಿಯ ತಾಯಿಗೆ ಸಂಬಂಧ ಒಪ್ಪಿಗೆಯಿಲ್ಲವೇನೋ ಎಂದು ಬೀಗರ ಮನೆಯಲ್ಲಿ ಒಳಗೊಳಗೇ ಗುಸುಗುಸು ಆಯಿತಂತೆ.

ಮೊನ್ನೆ ಅದೇ ಚಿಕ್ಕಮ್ಮ ದಾಸವಾಳದ ಬೇಲಿಯ ಆಚೆ ನಿಂತು ನಿಂಬೆಗಿಡಕ್ಕೆ ಕೈಹಾಕಿದ್ದರು. ಗಿಡ ನಮ್ಮದು, ರೆಂಬೆ ಅವರ ಕಡೆ ಬಾಗಿದೆ, ಫಸಲು ಯಾರದ್ದೆಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

"ಎಂತ ಚಿಕ್ಕಮ್ಮ, ಉಪ್ಪಿನಕಾಯಿಗಾ?"

"ಅಲ್ಲ ಮಾರಾಯ್ತಿ, ಮೂಸೋಕೆ. ನಾಳೆ ಉಡುಪಿಗೆ ಹೊರಟಿದ್ದೀನಿ."

ಮೂಸುವುದಕ್ಕೆ ಒಂದು ಬುಟ್ಟಿ ನಿಂಬೆಹಣ್ಣು ಯಾಕೆ ಎಂದು ನಾನು ಕೇಳಲಿಲ್ಲ. ಹೋಗುವಾಗ ಎರಡು, ಬರುವಾಗ ಎರಡು, ಉಳಿದದ್ದು ಬೀಗಿತ್ತಿಯ ಮನೆಗೆ. ಬರಿಗೈಯಲ್ಲಿ ಹೋಗಲಾದೀತೇ?

ಅಷ್ಟು ಹೊತ್ತಿಗೆ ಕರಿಬೇವು ಕೇಳಿಕೊಂಡು ಡ್ರೈವರ್ ಮಾವ ಬಂದರು. ಘಾಟಿ ರೂಟಿನಲ್ಲಿ ಮಿನಿ ಬಸ್ಸು ಓಡಿಸಿಯೇ ತಲೆ ನೆರೆತವರು. ಆ ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲ, ಆದ್ದರಿಂದ ಅಲ್ಲಿ ಮಿನಿ ಬಸ್ಸಿನದೇ ರಾಜ್ಯಭಾರ. ಬುಟ್ಟಿಯನ್ನು ನೋಡಿದವರೇ ನಕ್ಕರು. "ನಿಂಬೆಹಣ್ಣು ಇಡಬೇಕಾದ್ದು ಚಕ್ರದ ಕೆಳಗೆ ಕಣಮ್ಮ, ಮೂಗಿನ ಕೆಳಗಲ್ಲ."

"ಚಕ್ರದ ಕೆಳಗಿಟ್ಟರೆ ಬಸ್ಸಿಗೆ ವಾಂತಿ ಆಗಲ್ಲ, ನನಗೆ ಆಗ್ತದೆ" ಎಂದರು ಚಿಕ್ಕಮ್ಮ. ಈ ಮಾತಿಗೆ ಎದುರಿಲ್ಲ.

ನಿಂಬೆಹಣ್ಣಿನ ವಿಷಯದಲ್ಲಿ ನಾನು ಚಿಕ್ಕಮ್ಮನ ಪಕ್ಷ. ಬಸ್ಸಿನ ಸಂಕಟದಲ್ಲಿ ಅರ್ಧ ಪಾಲು ತಿರುವಿನದಾದರೆ ಮೇಲಿನ ಚಿಲ್ಲರೆಯೆಲ್ಲ ಮೂಗಿನದು. ಬಿಸಿಯೇರಿದ ಡೀಸೆಲ್, ರೆಕ್ಸಿನ್ ಸೀಟು, ಮುಂದಿನವರು ಮುಡಿದ ಬಾಡಿದ ಮಲ್ಲಿಗೆ, ಪಕ್ಕದವರ ಸೆಂಟು, ಮಳೆಗಾಲದಲ್ಲಿ ಮುಚ್ಚಿದ ಕಿಟಕಿಯೊಳಗೆ ಎಲ್ಲರ ಒದ್ದೆ ಕೊಡೆ. ಇವುಗಳ ನಡುವೆ ನಿಂಬೆಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಗಿಗೆ ಹಿಡಿದರೆ ಹೊಟ್ಟೆ ಸರಿಹೋಗುತ್ತದೆಂದಲ್ಲ, ಡೀಸೆಲ್ಲು ಸ್ವಲ್ಪ ಹೊತ್ತು ದೂರ ಹೋಗುತ್ತದೆ. ಕಿತ್ತಳೆ ಸಿಪ್ಪೆಯೂ ಆದೀತು, ಅಂಗೈಯಲ್ಲಿ ಉಜ್ಜಿದ ಏಲಕ್ಕಿಯೂ ಆದೀತು. ಹಣ್ಣನ್ನು ಇಡಿಯಾಗಿ ಮೂಸಿದರೆ ಪ್ರಯೋಜನ ಕಡಿಮೆ. ಪರಿಮಳದ ಎಣ್ಣೆ ಇರುವುದು ಸಿಪ್ಪೆಯಲ್ಲಿ, ಗೀರಿದರೆ ಮಾತ್ರ ಹೊರಗೆ ಬರುವುದು.

ಚಿಕ್ಕಮ್ಮನ ಸಲಕರಣೆ ನಿಂಬೆಹಣ್ಣಿಗೆ ಮುಗಿಯುವುದಿಲ್ಲ. ಕಿವಿಗೆ ಹತ್ತಿ. ತಲೆಗೆ ಸ್ಕಾರ್ಫು. ಕೂರುವ ಸೀಟಿನ ಮೇಲೆ ಹಳೆಯ ದಿನಪತ್ರಿಕೆ. ಈ ದಿನಪತ್ರಿಕೆಯ ಚಿಕಿತ್ಸೆ ನಿಮ್ಮ ಊರಿನಲ್ಲೂ ಇರಬಹುದು. ಕೆಲವರು ಅದರ ಮೇಲೆ ಕೂರುತ್ತಾರೆ, ಕೆಲವರು ಹೊಟ್ಟೆಗೆ ಕಟ್ಟಿಕೊಳ್ಳುತ್ತಾರೆ. ಡ್ರೈವರ್ ಮಾವನಿಗೆ ಇದು ದೊಡ್ಡ ತಮಾಷೆ. ನನಗೆ ಹಾಗನ್ನಿಸುವುದಿಲ್ಲ. ಪತ್ರಿಕೆಯ ಮೇಲೆ ಕೂತವರು ಅದನ್ನು ಓದುವ ಹಾಗಿಲ್ಲವಲ್ಲ! ಓಡುವ ಬಸ್ಸಿನಲ್ಲಿ ಓದದೆ ಇರುವುದೇ ಅರ್ಧ ಔಷಧ. ಈಗಿನ ಮಕ್ಕಳಿಗೂ ಇದನ್ನೇ ಹೇಳಬೇಕು: ಮೊಬೈಲಿನ ಮೇಲೆ ಕೂತುಕೊಳ್ಳಿ.

ಹತ್ತಿಯ ವಿಷಯದಲ್ಲಿ ಮಾತ್ರ ಚಿಕ್ಕಮ್ಮ ಗುರಿಗೆ ತೀರ ಹತ್ತಿರ ಬಂದು ತಪ್ಪಿದರು. ಕಳ್ಳ ಇರುವುದು ಕಿವಿಯಲ್ಲೇ, ಆದರೆ ಹತ್ತಿ ತಲುಪದಷ್ಟು ಒಳಗೆ. ಕಿವಿ ಬರಿಯ ಕೇಳುವ ಅಂಗವಲ್ಲ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ಅರ್ಧವೃತ್ತದ ನಾಳಗಳಿವೆ. ಗಾರೆಯವರು ಗೋಡೆ ಕಟ್ಟುವಾಗ ಇಟ್ಟು ನೋಡುವ ರಸಮಟ್ಟದ ಕೆಲಸವನ್ನು ದೇಹಕ್ಕೆ ಇವು ಮಾಡುತ್ತವೆ. ತಲೆ ತಿರುಗಿದರೆ ಒಳಗಿನ ದ್ರವ ಸರಿಯುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಪಕ್ಕದಲ್ಲೇ ಸುಣ್ಣದ ಸಣ್ಣ ಹರಳುಗಳಿರುವ ಎರಡು ಚೀಲಗಳಿವೆ; ಏರು, ಇಳಿತ, ವಾಲುವಿಕೆಗಳ ವರದಿ ಅವುಗಳದು. ಈ ವ್ಯವಸ್ಥೆಯ ಒಳಗುಟ್ಟು ಬಿಡಿಸಿದ ರಾಬರ್ಟ್ ಬಾರಾನಿ ಎಂಬ ವಿಯೆನ್ನಾದ ಕಿವಿ ವೈದ್ಯರಿಗೆ 1914ರ ನೊಬೆಲ್ ಪ್ರಶಸ್ತಿ ಬಂತು. ರೋಗಿಗಳ ಕಿವಿ ತೊಳೆಯುವಾಗ ನೀರು ತೀರಾ ತಣ್ಣಗಿದ್ದರೂ ತಲೆಸುತ್ತು, ತೀರಾ ಬಿಸಿಯಿದ್ದರೂ ತಲೆಸುತ್ತು ಬರುವುದನ್ನು ಗಮನಿಸಿ ಹಿಡಿದ ಜಾಡು ಅದು. ಒಳಕಿವಿಯ ಈ ಭಾಗ ಎರಡೂ ಕಡೆ ಪೂರ್ತಿ ಕೆಟ್ಟವರಿಗೆ ಹಡಗಿನಲ್ಲೂ ಬಸ್ಸಿನಲ್ಲೂ ವಾಂತಿಯೆಂಬುದೇ ಇಲ್ಲ. ಕಣ್ಣು ಕಾಣದವರಿಗೋ, ಆಗುತ್ತದೆ. ಇಷ್ಟರಲ್ಲೇ ಮುಖ್ಯ ಆರೋಪಿ ಯಾರೆಂಬುದು ತೀರ್ಮಾನವಾಯಿತು.

"ಕಿವಿಗೂ ಹೊಟ್ಟೆಗೂ ಎಂತ ಸಂಬಂಧ?" ಎಂದರು ಚಿಕ್ಕಮ್ಮ.

ಇದು ಒಳ್ಳೆಯ ಪ್ರಶ್ನೆ. ಬಸ್ಸಿನಲ್ಲಿ ಕೂತವರ ಕಣ್ಣು ಎದುರಿನ ಸೀಟಿನ ಬೆನ್ನನ್ನು ನೋಡಿ "ಎಲ್ಲವೂ ನಿಂತಿದೆ" ಎನ್ನುತ್ತದೆ. ಕಿವಿ "ಇಲ್ಲ, ಎಡಕ್ಕೆ ತಿರುಗಿದೆವು, ಈಗ ಬಲಕ್ಕೆ, ಇಳಿಯುತ್ತಿದ್ದೇವೆ" ಎನ್ನುತ್ತದೆ. ಎರಡು ಸಾಕ್ಷಿಗಳ ಹೇಳಿಕೆ ತಾಳೆಯಾಗದಿದ್ದಾಗ ಮಿದುಳು ಕಂಗಾಲಾಗುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಆ ಸಿಟ್ಟನ್ನು ಹೊಟ್ಟೆಯ ಮೇಲೆ ಯಾಕೆ ತೀರಿಸಿಕೊಳ್ಳಬೇಕು? ಅದಕ್ಕೆ ಟ್ರೈಸ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಒಂದು ಉತ್ತರ ಕೊಟ್ಟರು. ಬಸ್ಸು ಹಡಗು ಇಲ್ಲದ ಕಾಲದಲ್ಲಿ ಕಣ್ಣು ಕಿವಿಗಳ ಹೇಳಿಕೆ ಹೀಗೆ ಅಡ್ಡಾದಿಡ್ಡಿಯಾಗುತ್ತಿದ್ದುದು ವಿಷದ ಕಾಯಿಯನ್ನೋ ಬೇರನ್ನೋ ತಿಂದಾಗ. ಹಾಗಾಗಿ ಮಿದುಳು "ಏನೋ ವಿಷ ಹೋಗಿದೆ, ಮೊದಲು ಹೊರಗೆ ಹಾಕು" ಎಂದು ಆಜ್ಞೆ ಮಾಡುತ್ತದಂತೆ. ಇದನ್ನು ಒಪ್ಪದ ಪಂಡಿತರೂ ಇದ್ದಾರೆ. ಚಿಕ್ಕಮ್ಮ ಮಾತ್ರ ಕೂಡಲೇ ಒಪ್ಪಿದರು: "ಘಾಟಿ ಇಳಿಯೋ ಮೊದಲು ಬಸ್ಸು ನಿಲ್ಲಿಸ್ತಾರಲ್ಲ, ಅಲ್ಲಿನ ಕಾಫಿ ಕುಡಿದರೆ ಮಿದುಳಿಗೆ ಹಾಗನ್ನಿಸೋದು ಸಹಜವೇ."

ಡ್ರೈವರ್ ಮಾವ ಕರಿಬೇವು ಮರೆತು ಬೇಲಿಗೆ ಒರಗಿದರು. "ಇಷ್ಟು ವರ್ಷ ಓಡಿಸಿದೆ, ಒಂದು ದಿನ ಹೊಟ್ಟೆ ತೊಳಸಿದ್ದಿಲ್ಲ. ರಿಟೈರ್ ಆದ ಮೇಲೆ ಮಗಳ ಮನೆಗೆ ಅಂತ ಹಿಂದಿನ ಸೀಟಲ್ಲಿ ಕೂತೆ ನೋಡು, ಘಾಟಿ ಕೆಳಗಿನ ಸೋಮೇಶ್ವರ ಮುಟ್ಟೋದ್ರೊಳಗೆ ನನ್ನದೂ ಆಯ್ತು. ಮುಂದೆ ಕೂತ ಡ್ರೈವರು ನನ್ನ ಶಿಷ್ಯ! ಮರ್ಯಾದೆ ಹೋಯ್ತು."

ಅವರ ಮರ್ಯಾದೆ ಹೋದದ್ದು ಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ಸ್ಟೇರಿಂಗ್ ಹಿಡಿದವನಿಗೆ ಮುಂದಿನ ತಿರುವು ಮೊದಲೇ ಗೊತ್ತು. ಕಣ್ಣು ರಸ್ತೆಯ ಮೇಲಿದೆ, ತಿರುಗಿಸುವ ಕೈ ತನ್ನದೇ. ಕಿವಿ ಹೇಳುವುದಕ್ಕೆ ಮೊದಲೇ ಮಿದುಳು ಸುದ್ದಿಗೆ ಸಿದ್ಧವಾಗಿರುತ್ತದೆ. ಇನ್ನೊಂದು ಸೂಕ್ಷ್ಮವಿದೆ, ನಾಳೆ ಬಸ್ಸಿನಲ್ಲಿ ಕೂತರೆ ಗಮನಿಸಿ. ಬಸ್ಸು ಎಡಕ್ಕೆ ತಿರುಗುವಾಗ ಚಾಲಕನ ತಲೆ ತಾನಾಗಿ ಎಡಕ್ಕೆ ವಾಲುತ್ತದೆ, ಪ್ರಯಾಣಿಕರ ತಲೆಗಳೆಲ್ಲ ಬಲಕ್ಕೆ ಜೋಲುತ್ತವೆ. ತಿರುವಿನ ಒಳಗಡೆಗೆ ತಲೆ ವಾಲಿಸಿ ಕೂತ ಪ್ರಯಾಣಿಕರಿಗೆ ಸಂಕಟ ಕಡಿಮೆ ಎಂಬುದನ್ನು ಪರೀಕ್ಷೆ ಮಾಡಿಯೇ ಕಂಡುಕೊಂಡಿದ್ದಾರೆ. ಕಾಸು ಖರ್ಚಿಲ್ಲದ ಉಪಾಯ, ಆದರೆ ಚಿಕ್ಕಮ್ಮನಿಗೆ ಸೇರಲಿಲ್ಲ. "ಡ್ರೈವರ್ ಜೊತೆ ನಾನೂ ತಲೆ ಆಡಿಸ್ತಾ ಕೂತರೆ ಜನ ಎಂತ ಹೇಳ್ತಾರೆ?"

ವಾಂತಿ ಮಾಡಿಕೊಂಡಾಗ ಜನ ಏನೂ ಹೇಳುವುದಿಲ್ಲವೇ ಎಂದು ಕೇಳಬೇಕೆಂದುಕೊಂಡೆ. ಹಿರಿಯರು, ಸುಮ್ಮನಾದೆ.

ಬದಲಿಗೆ ಅವರಿಗೆ ಸಮಾಧಾನವಾಗಲೆಂದು ದೊಡ್ಡವರ ಕಥೆ ತೆಗೆದೆ. ಇಂಗ್ಲೆಂಡಿನ ನೌಕಾಸೇನಾಪತಿ ನೆಲ್ಸನ್ 12ನೇ ವಯಸ್ಸಿಗೆ ಹಡಗು ಹತ್ತಿದವನು, 1805ರಲ್ಲಿ ಟ್ರಫಾಲ್ಗರ್ ಕದನದಲ್ಲಿ ಹಡಗಿನ ಮೇಲೆಯೇ ಸತ್ತವನು. ಸಮುದ್ರ ಜೋರಾದಾಗ ಅವನಿಗೂ ಹೊಟ್ಟೆ ನಿಲ್ಲುತ್ತಿರಲಿಲ್ಲ. ಚಾರ್ಲ್ಸ್ ಡಾರ್ವಿನ್ 1831ರ ಡಿಸೆಂಬರಿನಲ್ಲಿ ಬೀಗಲ್ ಹಡಗು ಹತ್ತಿ 1836ರಲ್ಲಿ ಇಳಿಯುವವರೆಗೂ ಈ ಸಂಕಟದಿಂದ ಪಾರಾಗಲಿಲ್ಲ. ಒಣದ್ರಾಕ್ಷಿಯೊಂದನ್ನೇ ತನ್ನ ಹೊಟ್ಟೆ ಸಹಿಸುತ್ತದೆಂದು ಅಪ್ಪನಿಗೆ ಬರೆದಿದ್ದ.

"ಬರೀ ಒಣದ್ರಾಕ್ಷಿಯಾ? ಪಾಪ" ಎಂದ ಚಿಕ್ಕಮ್ಮ, ಒಳಗೆ ಹೋಗಿ ಡಬ್ಬಿಯೊಂದನ್ನು ತಂದು ಬೇಲಿಯ ಮೇಲಿಂದ ಚಾಚಿದರು. "ನಂದು ಇದು."

ಡಬ್ಬಿಯಲ್ಲಿದ್ದದ್ದು ಶುಂಠಿ. ಎಳೆ ಎಳೆಯಾಗಿ ಹೆಚ್ಚಿ, ನಿಂಬೆರಸ ಉಪ್ಪಿನಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿದ್ದು. ಅಡುಗೆಮನೆಯ ಮದ್ದುಗಳ ಪೈಕಿ ಮನಸ್ಸಿಟ್ಟು ಮಾತಾಡಬೇಕಾದ್ದೆಂದರೆ ಇದೊಂದೇ. ಮಲೆನಾಡಿನಲ್ಲಿ ಶುಂಠಿಗೆ ಮರ್ಯಾದೆ ಕಡಿಮೆಯಾಗಿರುವುದು ನಿಜ. ಗದ್ದೆಗಳನ್ನು ಗುತ್ತಿಗೆಗೆ ಹಿಡಿದು ವರ್ಷಕ್ಕೊಂದು ಜಾಗ ಬದಲಿಸುತ್ತ ಬೆಳೆದು, ನೆಲವನ್ನೂ ನೀರನ್ನೂ ಮದ್ದಿನಲ್ಲಿ ಮೀಯಿಸಿದ್ದು ನೋಡಿದವರಿಗೆ ಶುಂಠಿಯೆಂದರೆ ಸಿಟ್ಟು. ಆ ಜಗಳ ಬೇರೆ, ಇನ್ನೊಂದು ದಿನ ಆಡಬಹುದು. ಬಸ್ಸಿನ ಹೊಟ್ಟೆಗೆ ಶುಂಠಿ ಆಗಿಬರುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಜನ ಸುಮ್ಮನೆ ನಂಬಿ ಬಿಟ್ಟಿಲ್ಲ, ಪರೀಕ್ಷಿಸಿದ್ದಾರೆ.

1982ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ಬಂದ ಪ್ರಯೋಗ ಸೊಗಸಾಗಿದೆ. ಬೇಗ ತಲೆಸುತ್ತು ಬರುವ 36 ಮಂದಿಯನ್ನು ಆರಿಸಿ, ಕಣ್ಣು ಕಟ್ಟಿ, ತಿರುಗುವ ಕುರ್ಚಿಯಲ್ಲಿ ಕೂರಿಸಿದರು. ಕೆಲವರಿಗೆ ಶುಂಠಿಪುಡಿ, ಕೆಲವರಿಗೆ ಅಂಗಡಿಯ ಹೆಸರಾಂತ ಮಾತ್ರೆ, ಕೆಲವರಿಗೆ ಏನೂ ಗುಣವಿಲ್ಲದ ಸೊಪ್ಪಿನ ಪುಡಿ. ಆರು ನಿಮಿಷ ತಿರುಗಿಸುವ ಲೆಕ್ಕ. ಮಾತ್ರೆಯವರಾಗಲಿ ಸೊಪ್ಪಿನವರಾಗಲಿ ಒಬ್ಬರೂ ಆರು ನಿಮಿಷ ಕೂರಲಿಲ್ಲ. ಶುಂಠಿಯವರಲ್ಲಿ ಅರ್ಧ ಜನ ಪೂರ್ತಿ ಕೂತರು. 1988ರಲ್ಲಿ ಡೆನ್ಮಾರ್ಕಿನವರು ಕುರ್ಚಿ ಬಿಟ್ಟು ಸಮುದ್ರಕ್ಕೇ ಇಳಿದರು. ಅಲೆಯ ಅಭ್ಯಾಸವಿಲ್ಲದ ನೌಕಾಪಡೆಯ 80 ಹೊಸ ಹುಡುಗರಲ್ಲಿ ಕೆಲವರಿಗೆ ಒಂದು ಗ್ರಾಂ ಶುಂಠಿಪುಡಿ ಕೊಟ್ಟರು, ಉಳಿದವರಿಗೆ ಏನೂ ಗುಣವಿಲ್ಲದ ಹುಸಿ ಗುಳಿಗೆ. ಶುಂಠಿ ತಿಂದವರಲ್ಲಿ ವಾಂತಿಯೂ ತಣ್ಣನೆಯ ಬೆವರೂ ಕಡಿಮೆಯಾದವು. ವಾಕರಿಕೆ, ತಲೆಸುತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಆಮೇಲೆ ಅಮೆರಿಕದಲ್ಲಿ ನಡೆದ ಕೆಲವು ಪರೀಕ್ಷೆಗಳಲ್ಲಿ ಶುಂಠಿಗೆ ಪೂರಾ ಸೋಲಾಯಿತು. ಒಟ್ಟಿನಲ್ಲಿ ಗೆಲುವೂ ಸೋಲೂ ಬೆರೆತಿದೆ. ಅದು ಕೆಲಸ ಮಾಡುವುದು ಹೆಚ್ಚಾಗಿ ಹೊಟ್ಟೆಯ ಮಟ್ಟದಲ್ಲಿ, ತಲೆಯಲ್ಲಿ ಅಲ್ಲ. ಹಾಗಾಗಿ ಜೋಂಪು ಹಿಡಿಯುವುದಿಲ್ಲ, ಉಡುಪಿಯಲ್ಲಿ ಇಳಿದ ಮೇಲೆ ಬೀಗರ ಮುಂದೆ ತೂಕಡಿಸುವ ಪ್ರಸಂಗವೂ ಇಲ್ಲ. ನನಗೆ ಅಷ್ಟು ಸಾಕು.

ಒಂದು ಗ್ರಾಂ ಎಂದರೆ ಒಣಶುಂಠಿಯ ಪುಡಿ ಸುಮಾರು ಅರ್ಧ ಚಮಚ. ಹಸಿಶುಂಠಿ ಒಣಗಿದಾಗ ಅದರ ಖಾರದ ಸತ್ವವೇ ಬದಲಾಗುತ್ತದೆ, ಘಾಟು ಹೆಚ್ಚುತ್ತದೆ. ಬೆಲ್ಲದಲ್ಲಿ ಕಲಸಿ ಉಂಡೆ ಮಾಡಿಟ್ಟುಕೊಂಡರೆ ಗಂಟಲಲ್ಲಿ ಇಳಿಯುತ್ತದೆ. ಇಲ್ಲಿ ಎಲ್ಲರೂ ಎಡವುವ ಸಂಗತಿಯೆಂದರೆ ಹೊತ್ತು. ಹೊಟ್ಟೆ ತೊಳಸಲು ಶುರುವಾದ ಮೇಲೆ ಜಠರ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ, ಒಳಗೆ ಹೋದದ್ದು ಮುಂದೆ ಸರಿಯುವುದಿಲ್ಲ. ಆಗ ಶುಂಠಿ ತಿಂದರೂ ಮಾತ್ರೆ ನುಂಗಿದರೂ ಅದು ಬಂದ ದಾರಿಯಲ್ಲೇ ವಾಪಸು ಬರುತ್ತದೆ. ಆಗುಂಬೆಯಲ್ಲಿ ಬಾಯಿಗೆ ಹಾಕಿಕೊಂಡರೆ ತಡವಾಯಿತು. ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತುವ ಮೊದಲೇ ತಿನ್ನಬೇಕು. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಮುಷ್ಟಿಗಟ್ಟಲೆ ಶುಂಠಿ ತಿನ್ನುವ ಮೊದಲು ಡಾಕ್ಟರನ್ನು ಕೇಳಲಿ, ಗರ್ಭಿಣಿಯರೂ ಕೇಳಲಿ.

"ಮತ್ತೆ ಆ ಅವೋಮಿನ್ ಮಾತ್ರೆ?" ಎಂದರು ಡ್ರೈವರ್ ಮಾವ. ಅವರ ಕಾಲದ ಪ್ರಯಾಣಿಕರಿಗೆ ಮಾತ್ರೆಯೆಂದರೆ ಅದೇ.

ತಪ್ಪೇನಿಲ್ಲ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಿದ್ದೆ ಬರಿಸುತ್ತದೆ, ವಯಸ್ಸಾದವರಿಗೆ ಇಳಿಯುವಾಗ ಕಾಲು ತಡವರಿಸಬಹುದು, ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಆ ವಯಸ್ಸಿನ ಮಕ್ಕಳಿಗೆ ಸಾಮಾನ್ಯವಾಗಿ ಬೇಕಾಗುವುದೂ ಇಲ್ಲ ಬಿಡಿ. ಈ ಕಾಟ ಶುರುವಾಗುವುದೇ ಎರಡು ತುಂಬಿದ ಮೇಲೆ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಅದರ ಜೋರು. ಇಂಥ ಮಾತ್ರೆಗಳಲ್ಲಿ ಒಂದು ಸಿಕ್ಕಿದ ಬಗೆಯೇ ತಮಾಷೆಯದು. 1947ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆಂಗಸೊಬ್ಬರು ಪಿತ್ತಗಂದೆಗೆಂದು ಆಸ್ಪತ್ರೆಗೆ ಹೋದರು. ಡಾಕ್ಟರು ಹೊಸದೊಂದು ಔಷಧ ಕೊಟ್ಟು ನೋಡಿದರು. ಆಕೆ ಬಂದು ಹೇಳಿದ್ದು ಬೇರೆಯೇ: ಟ್ರಾಮ್ ಹತ್ತಿದರೆ ಜೀವಮಾನವಿಡೀ ಹೊಟ್ಟೆ ತೊಳಸುತ್ತಿತ್ತು, ಈ ಮಾತ್ರೆ ತಿಂದ ದಿನ ಅದು ಇಲ್ಲ. ಅದೇ ವರ್ಷ ಅಟ್ಲಾಂಟಿಕ್ ದಾಟುವ ಸೈನಿಕರ ಹಡಗಿನಲ್ಲಿ ಪರೀಕ್ಷೆಯಾಯಿತು, ಡ್ರಾಮಮೈನ್ ಎಂಬ ಮಾತ್ರೆ ಲೋಕಪ್ರಸಿದ್ಧವಾಯಿತು. ಲ್ಯಾನ್ಸೆಟ್ಟಿನ ಕುರ್ಚಿಯಲ್ಲಿ ಶುಂಠಿಯೆದುರು ಸೋತದ್ದು ಇದೇ ಮಾತ್ರೆ.

ಚಿಕ್ಕಮ್ಮನಿಗೆ ಪಿತ್ತಗಂದೆಯ ಮಾತು ಬಹಳ ಹಿಡಿಸಿತು. "ನಾನು ಹೇಳಿಲ್ವಾ? ಎಲ್ಲ ಪಿತ್ತದ್ದೇ. ಮಾತ್ರೆ ಎಲ್ಲ ಬೇಡ, ಗಿಡಮೂಲಿಕೆಯಾದ್ರೆ ಅಪಾಯ ಇಲ್ಲ."

ಈ ಒಂದು ಮಾತಿಗೆ ನಾನು ಬೇಲಿ ದಾಟಿ ಜಗಳಕ್ಕೆ ಹೋಗಲೂ ಸಿದ್ಧ. ಪ್ರಯಾಣದ ವಾಂತಿಗೆ ಅತ್ಯಂತ ಬಲವಾದ ಔಷಧಗಳಲ್ಲೊಂದಾದ ಸ್ಕೋಪಲಮೈನ್ ಗಿಡದಲ್ಲಿಯೇ ಇರುವುದು. ಯಾವ ಗಿಡ? ರಸ್ತೆ ಬದಿಯಲ್ಲಿ ಬಿಳಿ ಹೂ ಬಿಟ್ಟು ಮುಳ್ಳುಕಾಯಿ ಹೊತ್ತು ನಿಲ್ಲುವ ಉಮ್ಮತ್ತಿಯಲ್ಲೂ ಅದಿದೆ. ವೈದ್ಯರು ಅದನ್ನು ಒಂದು ಎಳ್ಳುಕಾಳಿನ ತೂಕಕ್ಕಿಂತಲೂ ಕಡಿಮೆ ಅಳೆದು ಪಟ್ಟಿಯಲ್ಲಿಟ್ಟು ಕಿವಿಯ ಹಿಂದೆ ಅಂಟಿಸುತ್ತಾರೆ. ಅಮೆರಿಕದಲ್ಲಿ ಈ ಪಟ್ಟಿಗೆ 1979ರಲ್ಲಿ ಅನುಮತಿ ಸಿಕ್ಕಿತು. ಅದೇ ಉಮ್ಮತ್ತಿಯ ಬೀಜವನ್ನು ಯಾರಾದರೂ ಅಂದಾಜಿನಲ್ಲಿ ಅರೆದು ಕೊಟ್ಟರೆ ಹೋಗುವುದು ವಾಂತಿಯಲ್ಲ, ಜೀವ. ಅಡುಗೆಮನೆಯದು ಬೇರೆ, ಹಿತ್ತಿಲಿನದು ಬೇರೆ. ಗುರುತಿಲ್ಲದವರು ಕೊಟ್ಟ ಬೇರು, ಗುಳಿಗೆ, ಪುಡಿ ಯಾವುದನ್ನೂ ಪ್ರಯಾಣದ ಹೆಸರಿನಲ್ಲಿ ಬಾಯಿಗೆ ಹಾಕಿಕೊಳ್ಳಬೇಡಿ.

ಡ್ರೈವರ್ ಮಾವನ ಮದ್ದು ಎಲೆಅಡಿಕೆ. ಬಾಯಲ್ಲಿ ಕವಳ ಇದ್ದರೆ ವಾಂತಿ ಹತ್ತಿರ ಸುಳಿಯುವುದಿಲ್ಲ ಎಂಬುದು ಅವರ ಸಿದ್ಧಾಂತ. ಸ್ಟೇರಿಂಗಿನ ಪುಣ್ಯವನ್ನು ಕವಳದ ಖಾತೆಗೆ ಬರೆದುಕೊಂಡಿದ್ದಾರೆ, ಅಷ್ಟೆ. ಅಭ್ಯಾಸವಿಲ್ಲದವರಿಗೆ ಅಡಿಕೆ ಸೊಕ್ಕಿದರೆ ಬಸ್ಸೇ ಬೇಡ, ನಿಂತಲ್ಲೇ ತಲೆ ತಿರುಗುತ್ತದೆ. ಹೊಗೆಸೊಪ್ಪು ಸೇರಿದರೆ ಕೇಳುವುದೇ ಬೇಡ.

ಊಟದ ವಿಷಯದಲ್ಲಿ ಚಿಕ್ಕಮ್ಮ ಹಟಯೋಗಿ. ಹಿಂದಿನ ರಾತ್ರಿಯಿಂದಲೇ ಉಪವಾಸ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಬರುವುದಾದರೂ ಏನು ಎಂಬ ತರ್ಕ. ಬರುತ್ತದೆ, ಹಳದಿ ಪಿತ್ತ ಬರುತ್ತದೆ, ಅದರ ಸಂಕಟ ಇನ್ನೂ ಹೆಚ್ಚು. ಎರಡು ಇಡ್ಲಿಯೋ ಒಂದು ಬಟ್ಟಲು ಗಂಜಿಯೋ ಸಾಕು. ಎಣ್ಣೆಯಲ್ಲಿ ಕರಿದ ಬನ್ಸ್, ದೊಡ್ಡ ಲೋಟದ ಹಾಲು, ಮಸಾಲೆ ದೋಸೆ ಇವೆಲ್ಲ ಇಳಿದ ಮೇಲೆ.

ಮಣಿಕಟ್ಟಿನ ಒತ್ತುಬಿಂದುವಿನ ಬಗ್ಗೆಯೂ ಮಾತು ಬಂತು. ಚಿಕ್ಕಮ್ಮನ ಸೊಸೆ ಮೊಬೈಲಿನಲ್ಲಿ ನೋಡಿ ಹೇಳಿಕೊಟ್ಟದ್ದು. ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೂರು ಬೆರಳಗಲ ಕೆಳಗೆ, ಎರಡು ನರಗಳ ನಡುವೆ ಹೆಬ್ಬೆರಳಿನಿಂದ ಒತ್ತುವುದು. ಚೀನಾದವರ ಹಳೆಯ ಪದ್ಧತಿ. ಪರೀಕ್ಷೆಗಳಲ್ಲಿ ಒಮ್ಮೆ ಹೌದು, ಒಮ್ಮೆ ಇಲ್ಲ. ಒತ್ತುವ ಕೈಗೆ ಕೆಲಸ ಸಿಗುತ್ತದೆ, ಮೊಬೈಲು ಕೆಳಗಿಳಿಯುತ್ತದೆ, ನಷ್ಟವಂತೂ ಇಲ್ಲ. ಅದಕ್ಕಿಂತ ನನಗೆ ನಂಬಿಕೆ ಉಸಿರಿನ ಮೇಲೆ. ನಿಧಾನವಾಗಿ, ಎಣಿಸಿಕೊಂಡು, ಹೊಟ್ಟೆ ತುಂಬ ಉಸಿರಾಡಿದರೆ ಸಂಕಟ ಏರುವುದು ತಡವಾಗುತ್ತದೆ. ರಾಕೇಶ್ ಶರ್ಮಾ 1984ರಲ್ಲಿ ಬಾಹ್ಯಾಕಾಶಕ್ಕೆ ಹೋದಾಗ ಅಲ್ಲಿ ಯೋಗ ಮಾಡಿ ನೋಡಿದ್ದು ಇಂಥ ತೊಂದರೆಗಳಿಗೆ ಅದು ಒದಗೀತೇ ಎಂದು ತಿಳಿಯಲೇ. ಗಗನಯಾತ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ಎರಡು ಮೂರು ದಿನ ಇದೇ ಪಾಡು. ಆಮೇಲೆ ದೇಹ ಒಗ್ಗಿಕೊಳ್ಳುತ್ತದೆ. ಘಾಟಿ ಬಸ್ಸಿನ ಕಂಡಕ್ಟರು ನಿಂತೇ ಟಿಕೆಟ್ ಹರಿಯುತ್ತ, ಚಿಲ್ಲರೆ ಎಣಿಸುತ್ತ ಇಳಿಯುವುದು ನೋಡಿ. ದಿನವೂ ಹೋಗುವುದೇ ಎಲ್ಲಕ್ಕಿಂತ ದೊಡ್ಡ ನೈಸರ್ಗಿಕ ಮದ್ದು. ಆದರೆ ದಿನಾ ಮಗಳ ಮನೆಗೆ ಹೋದರೆ ಹೊಟ್ಟೆ ಒಗ್ಗಿಕೊಂಡೀತು, ಬೀಗರು?

ಮುಖ್ಯವಾದದ್ದು ಸೀಟು. ಇಷ್ಟೆಲ್ಲ ಹರಟಿದ್ದರಲ್ಲಿ ಇದೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರೂ ನನಗೆ ಬೇಸರವಿಲ್ಲ. ಹಿಂದಿನ ಚಕ್ರದ ಆಚೆಗಿರುವ ಸೀಟುಗಳು ಪ್ರತಿ ತಿರುವಿನಲ್ಲೂ ಹೆಚ್ಚು ಬೀಸುತ್ತವೆ, ಗುಂಡಿ ಸಿಕ್ಕಿದರೆ ಎತ್ತಿ ಕುಕ್ಕುತ್ತವೆ. ಮುಂದೆ, ಗಾಜಿನ ಮೂಲಕ ರಸ್ತೆ ಕಾಣುವಲ್ಲಿ ಕೂತು ದೂರದ ತಿರುವಿನ ಮೇಲೆ ಕಣ್ಣಿಟ್ಟರೆ ಕಣ್ಣು ಕಿವಿ ಎರಡೂ ಒಂದೇ ಮಾತು ಹೇಳುತ್ತವೆ. ಪಕ್ಕದ ಕಿಟಕಿಯಲ್ಲಿ ಓಡುವ ಮರಗಳನ್ನು ಎಣಿಸಬಾರದು, ಎದುರಿನದನ್ನು ನೋಡಬೇಕು. ಮುಂದೆ ಜಾಗ ಸಿಗಲಿಲ್ಲವೇ, ತಲೆಯನ್ನು ಸೀಟಿಗೆ ಗಟ್ಟಿಯಾಗಿ ಒರಗಿಸಿ ಕಣ್ಣು ಮುಚ್ಚಿ. ಗಾಳಿ ಮುಖಕ್ಕೆ ಬಡಿಯಲಿ. ಆಕಳಿಕೆ ಮೇಲಿಂದ ಮೇಲೆ ಬರುವುದು, ಬಾಯಲ್ಲಿ ನೀರೂರುವುದು, ಹಣೆಯಲ್ಲಿ ತಣ್ಣನೆಯ ಬೆವರು ಇವು ಮುನ್ಸೂಚನೆ. ಮಾತು ನಿಲ್ಲಿಸಿ ಇದನ್ನೆಲ್ಲ ಮಾಡಬೇಕಾದ ಹೊತ್ತು ಅದು. ಚಿಕ್ಕಮ್ಮ ಆ ಹೊತ್ತಿನಲ್ಲಿ ಪಕ್ಕದವರಿಗೆ ಮಗಳ ಸಂಸಾರದ ಕಥೆ ಹೇಳುತ್ತಿರುತ್ತಾರೆ. ಬಸ್ಸಿನಿಂದ ಇಳಿದು ದಿನ ಕಳೆದರೂ ತಲೆಸುತ್ತು ನಿಲ್ಲದಿದ್ದರೆ, ಅಥವಾ ಬಸ್ಸೇ ಹತ್ತದೆ ಸುತ್ತು ಬರುತ್ತಿದ್ದರೆ, ಅದಕ್ಕೆ ಡಾಕ್ಟರೇ ಬೇಕು.

"ಅರ್ಧ ಪಾಪ ಡ್ರೈವರಿಂದು" ಎಂದು ಕೊನೆಗೆ ಡ್ರೈವರ್ ಮಾವನೇ ಒಪ್ಪಿಕೊಂಡರು. "ತಿರುವಿಗೆ ಮೊದಲೇ ಗೇರ್ ಇಳಿಸಿ ಮೆತ್ತಗೆ ತಿರುಗಿಸಬೇಕು. ತಿರುವಿನವರೆಗೂ ನುಗ್ಗಿಸಿ ಗಕ್ಕಂತ ಬ್ರೇಕ್ ಒತ್ತೋನು ಅರ್ಧ ಬಸ್ಸಿಗೆ ವಾಂತಿ ಮಾಡಿಸ್ತಾನೆ." ಅವರ ಅಳಿಯನ ಹೊಸ ಎಲೆಕ್ಟ್ರಿಕ್ ಕಾರಿನಲ್ಲೂ ಹಿಂದೆ ಕೂತವರಿಗೆ ಇದೇ ಗೋಳಂತೆ. ಆ ಕಾರುಗಳಲ್ಲಿ ಕಾಲು ತೆಗೆದ ಕ್ಷಣವೇ ವೇಗ ಇಳಿಯುತ್ತದೆ, ಒತ್ತಿದ ಕೂಡಲೇ ಏರುತ್ತದೆ, ಸದ್ದಿಲ್ಲದ್ದರಿಂದ ಹಿಂದಿನವರಿಗೆ ಸೂಚನೆಯೂ ಇಲ್ಲ. ಕಾಲು ಮೆತ್ತಗಿಟ್ಟು ಓಡಿಸುವುದೊಂದೇ ಅದಕ್ಕೆ ಪರಿಹಾರ.

ಇಷ್ಟೆಲ್ಲ ಕೇಳಿಸಿಕೊಂಡ ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಮುಂದಿನ ಸೀಟು ಯಾರು ಬಿಡ್ತಾರೆ?"

ಅದಕ್ಕೆ ನಾನಾಗಲಿ ಡ್ರೈವರ್ ಮಾವನಾಗಲಿ ಉತ್ತರ ಕೊಡುವ ಹಾಗಿರಲಿಲ್ಲ. ಕೊಡಬೇಕಾದವರು ನೀವು. ಘಾಟಿ ಬಸ್ಸಿನಲ್ಲಿ ಮೊದಲೇ ಹತ್ತಿ ಮುಂದಿನ ಸೀಟು ಹಿಡಿದು, ಊರು ದಾಟುವ ಮೊದಲೇ ಗೊರಕೆ ಹೊಡೆಯುವ ಗಟ್ಟಿ ಹೊಟ್ಟೆಯ ಮಹನೀಯರೇ, ಎದುರಿನ ಗಾಜು ನಿಮಗೆ ಯಾತಕ್ಕೂ ಬೇಕಾಗಿಲ್ಲ. ಒಮ್ಮೆ ಹಿಂದೆ ತಿರುಗಿ ನೋಡಿ. ಕೈಯಲ್ಲಿ ಪ್ಲಾಸ್ಟಿಕ್ ಕವರೋ ನಿಂಬೆಹಣ್ಣೋ ಹಿಡಿದು ಕೂತ ಹೆಂಗಸೋ ಮಗುವೋ ಕಂಡರೆ ಎದ್ದು ಆ ಸೀಟು ಬಿಟ್ಟುಕೊಡಿ. ನಿದ್ದೆ ಹಿಂದಿನ ಸೀಟಿನಲ್ಲೂ ಬರುತ್ತದೆ.